ಅಂಗನವಾಡಿ, ಇಂಗ್ಲಿಷ್ ನರ್ಸರಿ, ಮಾಂಟೆಸರಿ: ಮೂರನ್ನೂ ನೋಡಿದ ಮೇಲೆ

ಸಂಕ್ರಾಂತಿ ಕಳೆಯುತ್ತಿದ್ದಂತೆ ಹಾಸನದ ಸಾಲಗಾಮೆ ರಸ್ತೆ, ಬಿ.ಎಂ. ರಸ್ತೆ, ವಿದ್ಯಾನಗರ ಎಲ್ಲ ಕಡೆ ಶಾಲೆಗಳ ಅಡ್ಮಿಷನ್ ಬ್ಯಾನರ್ ಕಾಣಿಸುತ್ತವೆ. ಎರಡೂವರೆ, ಮೂರು ವರ್ಷದ ಮಗು ಇರುವ ಮನೆಗಳಲ್ಲಿ ತಲೆಬಿಸಿಯೂ ಆಗಲೇ ಶುರು. ಎಲ್ಲಿಗೆ ಸೇರಿಸೋದು ಅಂತ ನನ್ನನ್ನೂ ಸುಮಾರು ಜನ ಕೇಳುತ್ತಾರೆ, ಯಾಕೆಂದರೆ ನನ್ನ ಇಬ್ಬರು ಮಕ್ಕಳಿಂದ ಮೂರೂ ಬಗೆಯ ಶಾಲೆ ನೋಡಿದಂತಾಗಿದೆ. ದೊಡ್ಡ ಮಗಳು ಹಾಸನದ ಒಂದು ಇಂಗ್ಲಿಷ್ ಮೀಡಿಯಂ ನರ್ಸರಿಗೆ ಹೋದಳು. ಮಗನಿಗೆ ಮೂರು ತುಂಬುವ ಹೊತ್ತಿಗೆ ಮಾವನವರಿಗೆ ಹುಷಾರಿಲ್ಲದೆ ನಾವೆಲ್ಲ ಆಲೂರು ಕಡೆಯ ಹಳ್ಳಿಮನೆಗೆ ಹೋಗಿದ್ದೆವು. ಅವನು ಅಲ್ಲಿನ ಅಂಗನವಾಡಿಗೆ ಹೋದ. ವಾಪಸ್ ಹಾಸನಕ್ಕೆ ಬಂದ ಮೇಲೆ ಮಾಂಟೆಸರಿ ಸೇರಿದ.

ಈಗ ಯಾವ ಶಾಲೆ ನೋಡಲು ಹೋದರೂ ನಾನು ಮೊದಲು ಗಮನಿಸುವುದು ಒಂದನ್ನೇ. ಅಲ್ಲಿ ಮಕ್ಕಳು ಮಾತಾಡುತ್ತಿದ್ದಾರಾ? ಟೀಚರ್ ಹೇಳಿದ್ದನ್ನು ಒಟ್ಟಾಗಿ ಒಪ್ಪಿಸುವುದನ್ನು ಹೇಳುತ್ತಿಲ್ಲ. ತಮಗೆ ಅನಿಸಿದ್ದನ್ನು ತಮ್ಮ ಮಾತಲ್ಲಿ ಹೇಳುವುದು, ಕೇಳುವುದು, ಜಗಳ ಆಡಿ ರಾಜಿಯಾಗುವುದು. ಮೂರೂ ಕಡೆ ಇದರಲ್ಲೇ ದೊಡ್ಡ ವ್ಯತ್ಯಾಸ ಕಂಡಿತು.

ಇಂಗ್ಲಿಷ್ ನರ್ಸರಿಯಲ್ಲಿ ಎಲ್ಲ ಅಚ್ಚುಕಟ್ಟು. ವ್ಯಾನ್ ಹೇಳಿದ ಸಮಯಕ್ಕೆ ಬರುತ್ತಿತ್ತು. ಯೂನಿಫಾರ್ಮ್, ಡೈರಿ, ವಾರದ ಪಟ್ಟಿ ಎಲ್ಲ ಇತ್ತು. ಎಲ್‌ಕೆಜಿ ಮುಗಿಯುವಷ್ಟರಲ್ಲಿ ಮಗಳು ಎ ಇಂದ ಝೆಡ್‌ವರೆಗೆ ಬರೆಯುತ್ತಿದ್ದಳು. ಮನೆಗೆ ಬಂದವರೆದುರು ಬರೆದು ತೋರಿಸಿದರೆ ಎಲ್ಲರಿಗೂ ಖುಷಿ. ಆದರೆ ತರಗತಿಯಲ್ಲಿ ಅವಳು ಮೂಕಿಯಂತೆ ಕೂರುತ್ತಿದ್ದಳು. ಅಲ್ಲಿ ಕನ್ನಡ ಮಾತಾಡಬಾರದು, ಇಂಗ್ಲಿಷ್ ಅವಳಿಗೆ ಇನ್ನೂ ಬರದು. ಟಾಯ್ಲೆಟ್‌ಗೆ ಹೋಗಬೇಕೆಂದು ಕೇಳುವುದಕ್ಕೂ ಇಂಗ್ಲಿಷ್ ವಾಕ್ಯವೇ ಬೇಕಿತ್ತು. ಮಧ್ಯಾಹ್ನದವರೆಗೂ ತಡೆದುಕೊಂಡು ಮನೆಗೆ ಓಡಿಬರುತ್ತಿದ್ದಳು. ಮೂರೂವರೆ ವರ್ಷದ ಮಗುವಿನ ಬಾಯಿ ಹೀಗೆ ಕಟ್ಟಿಹಾಕುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ. ಯುಕೆಜಿಯಲ್ಲಿ ಬಂದ ಮಿಸ್ ಒಬ್ಬರು ಊಟದ ನಂತರ ಕನ್ನಡದಲ್ಲೇ ಕಥೆ ಹೇಳುತ್ತಿದ್ದರು. ಆಮೇಲೆ ಮನೆಯಲ್ಲಿ ಶಾಲೆಯ ಸುದ್ದಿ ಮುಗಿಯುತ್ತಲೇ ಇರಲಿಲ್ಲ. ಅದೇ ಶಾಲೆ, ಅದೇ ಗೋಡೆ, ಬದಲಾಗಿದ್ದು ಒಬ್ಬ ಟೀಚರ್ ಮಾತ್ರ.

ಬರೆಯಿಸುವ ವಿಷಯದಲ್ಲಿ ಇನ್ನೊಂದು ಮಾತು. ಮಗು ಹುಟ್ಟುವಾಗ ಮಣಿಕಟ್ಟಿನ ಚಿಕ್ಕ ಮೂಳೆಗಳು ಮೂಳೆಯೇ ಆಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿ. ಅವು ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಬೇಕು. ಬೆರಳಿನ ಹಿಡಿತವೂ ಹಾಗೇ, ನಿಧಾನಕ್ಕೆ ಬರುತ್ತದೆ. ಮೂರು ವರ್ಷದವರ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸುವ ಬದಲು ಮಣ್ಣು, ಹಿಟ್ಟು, ಮಣಿ, ನೂಲು ಕೊಟ್ಟರೆ ಆ ಕೈ ತಾನಾಗಿ ಬರೆಯಲು ತಯಾರಾಗುತ್ತದೆ.

ಹಳ್ಳಿಯ ಅಂಗನವಾಡಿಯಲ್ಲಿ ಇದೆಲ್ಲ ಸುಮ್ನೆ ತಾನಾಗೇ ಇತ್ತು. ಹುಣಸೆ ಬೀಜ ಎಣಿಸುವುದು, ಎಲೆ ಜೋಡಿಸುವುದು, ಅಂಗಳದ ಮಣ್ಣಲ್ಲಿ ಗೆರೆ ಎಳೆಯುವುದು. ಕರ್ನಾಟಕದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಪಠ್ಯಕ್ರಮವಿದೆ. ಹಾಡು, ಕಥೆ, ಅಭಿನಯ, ಆಟ ಎಲ್ಲ ಅದರಲ್ಲಿದೆ. ಟೀಚರ್ ಪಕ್ಕದ ಬೀದಿಯವರು. ಯಾವ ಮನೆಯಲ್ಲಿ ಕರು ಹಾಕಿದೆ, ಯಾರ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಅನ್ನುವುದೂ ಅವರಿಗೆ ಗೊತ್ತು. ಬೆಳಿಗ್ಗೆ ಮಗು ಬಂದ ಕೂಡಲೇ ‘ಏನಪ್ಪಾ, ನಿಮ್ಮ ತಾತ ಹೇಗಿದ್ದಾರೆ?’ ಎಂದು ಕೇಳುತ್ತಿದ್ದರು. ಅಲ್ಲಿಂದ ಮಾತು ಶುರು. ಮನೆಯಲ್ಲಿ ಅಷ್ಟಾಗಿ ಬಾಯಿ ಬಿಡದ ನನ್ನ ಮಗ ಅಲ್ಲಿ ಮಾತುಗಾರನಾದ.

ಊಟದ ಲೆಕ್ಕದಲ್ಲೂ ಅಂಗನವಾಡಿಯೇ ಮುಂದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಬಿಸಿಯೂಟ ಎಲ್ಲ ಸಿಗುತ್ತಿತ್ತು. ಮಗುವಿನ ತೂಕ ನೋಡಿ ಬರೆದುಕೊಳ್ಳುತ್ತಿದ್ದರು, ಲಸಿಕೆ ಬಾಕಿ ಇದ್ದರೆ ನೆನಪಿಸುತ್ತಿದ್ದರು. ಉಳಿದೆರಡು ಕಡೆ ಇದನ್ನು ಯಾರೂ ಕೇಳಲೇ ಇಲ್ಲ. ಅಂಗನವಾಡಿ ಯೋಜನೆ ಹುಟ್ಟಿದ್ದೇ ಆಟ, ಪಾಠ, ಊಟ, ಆರೋಗ್ಯ ಎಲ್ಲವನ್ನೂ ಒಂದೇ ಸೂರಿನಡಿ ತರಲಿಕ್ಕೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ.

ಕೊರತೆ ಇಲ್ಲವೇ? ಖಂಡಿತ ಇದೆ, ಸಣ್ಣದೂ ಅಲ್ಲ. ಅದೇ ಟೀಚರ್ ಗರ್ಭಿಣಿಯರ ಲೆಕ್ಕ ಬರೆಯಬೇಕು, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ಫೋನಿನಲ್ಲಿ ಮಾಹಿತಿ ತುಂಬಬೇಕು, ಸರ್ವೆಗೆ ಹೋಗಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಅವರದ್ದೇ. ಅವರು ಮೀಟಿಂಗ್‌ಗೆ ಹೋದ ದಿನ ಸಹಾಯಕಿ ಒಬ್ಬರೇ ಅಡುಗೆಯನ್ನೂ ಮಕ್ಕಳನ್ನೂ ನೋಡಬೇಕು. ಆ ದಿನ ಮಕ್ಕಳು ಉಂಡು, ಮಲಗಿ, ಮನೆಗೆ ಬರುತ್ತಾರೆ ಅಷ್ಟೇ. ಆಟದ ಸಾಮಾನು ಹಾಳಾದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಬೀರುವಿನಲ್ಲೇ ಉಳಿದಿತ್ತು. ಇದಕ್ಕೆ ಟೀಚರನ್ನು ದೂರಿ ಫಲವಿಲ್ಲ. ಪಾಠಕ್ಕೆಂದೇ ಇನ್ನೊಬ್ಬರನ್ನು ಕೊಟ್ಟರೆ ಅಂಗನವಾಡಿಯನ್ನು ಮೀರಿಸುವುದು ಯಾರಿಗೂ ಸುಲಭವಲ್ಲ ಎಂದು ನಾನು ನಂಬಿದ್ದೇನೆ.

ಮಾಂಟೆಸರಿಯಲ್ಲಿ ನನ್ನ ಮನಸ್ಸು ಗೆದ್ದದ್ದು ಕಾಯುವ ಅಭ್ಯಾಸ. ಒಂದೊಂದು ಸಾಮಗ್ರಿಯೂ ಕೋಣೆಗೆ ಒಂದೇ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳ ಗೋಪುರವನ್ನು ಇನ್ನೊಂದು ಮಗು ಕಟ್ಟುತ್ತಿದ್ದರೆ ಅದು ಮುಗಿಸಿ ಎತ್ತಿಡುವವರೆಗೆ ಇವನು ಕಾಯಬೇಕು. ಮೊದಮೊದಲು ಅತ್ತ, ಕಿತ್ತುಕೊಳ್ಳಲು ಹೋದ. ದಸರಾ ರಜೆ ಹೊತ್ತಿಗೆ ಚಾಪೆ ಹಾಸಿ, ಕೆಲಸ ಮುಗಿಸಿ, ಚಾಪೆ ಸುತ್ತಿಡುವುದು ಅವನಿಗೆ ಸಹಜವಾಯಿತು. ಮೂರು ವರ್ಷದವರೂ ಐದು ವರ್ಷದವರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಮಕ್ಕಳು ಟೀಚರನ್ನು ಆಂಟಿ ಎನ್ನುತ್ತಾರೆ. ಮರಳು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಆಡಿಸಿ, ಯಾರೂ ಹೇಳದೆಯೇ ಒಂದು ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ‘ರ’ ಬರೆದ.

ಆದರೆ ಮೂರರಲ್ಲಿ ಇದೇ ದುಬಾರಿ. ಈ ಪದ್ಧತಿ ಶುರು ಮಾಡಿದ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಕೂಲಿ ಮಾಡುವವರ ಮಕ್ಕಳಿಗಾಗಿ. ಇಲ್ಲಿ ಅಂಥವರ ಮಕ್ಕಳಿಗೆ ಈ ಬಾಗಿಲು ತೆರೆದಿಲ್ಲ ಅನ್ನುವುದು ನನಗೆ ಬೇಸರ. ಇನ್ನೊಂದು ಎಚ್ಚರ: ಬೋರ್ಡಿನಲ್ಲಿ ಮಾಂಟೆಸರಿ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಒಳಗೆ ಸಾಲು ಬೆಂಚು, ಕಾಪಿ ಪುಸ್ತಕ ಇದ್ದರೆ ಅದು ಬರೀ ಹೆಸರು.

ಹಾಗಾದರೆ ನರ್ಸರಿಯಿಂದ ಕೊನೆಗೆ ಏನು ಉಳಿಯುತ್ತದೆ? ಅಮೆರಿಕದ ಮಿಶಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರಿ ಪ್ರಿಸ್ಕೂಲ್ ಅಧ್ಯಯನ 123 ಬಡ ಮಕ್ಕಳನ್ನು ಅವರ 40ನೇ ವಯಸ್ಸಿನವರೆಗೂ ಹಿಂಬಾಲಿಸಿತು. ನರ್ಸರಿಗೆ ಹೋದವರ ಬುದ್ಧಿ ಪರೀಕ್ಷೆಯ ಅಂಕದ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ಅವರಲ್ಲಿ ಹೈಸ್ಕೂಲ್ ಮುಗಿಸಿದವರು ಹೆಚ್ಚಿದ್ದರು, ಅವರ ಸಂಪಾದನೆ ಜಾಸ್ತಿಯಿತ್ತು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಅಲ್ಲಿನ ಮಕ್ಕಳು ಏನು ಆಡಬೇಕೆಂದು ತಾವೇ ಯೋಚಿಸಿ, ಆಡಿ, ಆಮೇಲೆ ಅದರ ಬಗ್ಗೆ ಹೇಳಬೇಕಿತ್ತು. ಟೀಚರ್ ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು. ನಮ್ಮ ಮನೆಯಲ್ಲೂ ಹಾಗೇ ಕಂಡಿತು. ಮಗಳು ಬರವಣಿಗೆಯಲ್ಲಿ ಮುಂದಿದ್ದದ್ದು ಎರಡನೇ ಕ್ಲಾಸಿಗೆ ಯಾರಿಗೂ ನೆನಪಿಲ್ಲ, ಎಲ್ಲ ಮಕ್ಕಳೂ ಬರೆಯುತ್ತಿದ್ದರು. ಗೊತ್ತಾಗದ್ದನ್ನು ಕೈಯೆತ್ತಿ ಕೇಳುವ ಧೈರ್ಯದಲ್ಲಿ ಮಾತ್ರ ಮಕ್ಕಳ ನಡುವೆ ವ್ಯತ್ಯಾಸ ಉಳಿದಿತ್ತು.

ನನ್ನ ತಂಗಿಯ ಮಗಳಿಗೆ ಬರುವ ಜೂನ್‌ಗೆ ಮೂರು ತುಂಬುತ್ತದೆ. ಅವರ ಮನೆ ಅರಕಲಗೂಡಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಅಂಗನವಾಡಿ, ಟೀಚರ್ ಒಳ್ಳೆಯವರು. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಇರುವಾಗ ಅವಸರ ಯಾಕೆ? ಎರಡು ವರ್ಷ ಅಲ್ಲೇ ಇರಲಿ, ಯುಕೆಜಿಗೆ ಬೇಕಾದರೆ ಬೇರೆ ನೋಡೋಣ ಎಂದಿದ್ದೇನೆ. ವ್ಯಾನ್‌ಗೆ ಕೊಡುವ ದುಡ್ಡಲ್ಲಿ ಚಿತ್ರದ ಪುಸ್ತಕ ತಗೊಂಡು ದಿನಾ ರಾತ್ರಿ ಓದಿ ಹೇಳು ಅಂತಲೂ ಹೇಳಿದ್ದೇನೆ.