ಊದುವವರನ್ನು ಎರಡು ಗುಂಪು ಮಾಡುವುದು: ಮರ-ಹಿತ್ತಾಳೆಯೋ, ಕೊಳವೆಯ ಆಕಾರವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೊಳವೆಗೆ. ಮರ-ಹಿತ್ತಾಳೆ (ವುಡ್‌ವಿಂಡ್-ಬ್ರಾಸ್) ಎಂದು ಬೇರೆ ಮಾಡಿ ಬರೆದ ಆರು ನಿಮಿಷದ ತುಣುಕು ಎರಡನೇ ರಿಹರ್ಸಲ್‌ನಲ್ಲೇ ಕೈಕೊಟ್ಟಿತು.

ಮಂಗಳೂರಿನ ನಮ್ಮ ಬ್ಯಾಂಡಿನಲ್ಲಿ 12 ಜನ. ಫ್ಲೂಟ್ 2, ಕ್ಲಾರಿನೆಟ್ 3, ಟ್ರಂಪೆಟ್ 2. ಆಲ್ಟೊ ಸ್ಯಾಕ್ಸ್, ಟೆನರ್ ಸ್ಯಾಕ್ಸ್, ಟ್ರೊಂಬೋನ್, ಯೂಫೋನಿಯಂ (ಟ್ಯೂಬಾದ ಚಿಕ್ಕ ತಮ್ಮ), ಟ್ಯೂಬಾ ಒಂದೊಂದು. ಎರಡು ಗುಂಪು ಸವಾಲ್-ಜವಾಬ್ ನಡೆಸಬೇಕು, ಕೊನೆಗೆ ಕೂಡಬೇಕು. ಇಷ್ಟೇ ನನ್ನ ಆಸೆ.

ಮರದ ಗುಂಪಿಗೆ ಫ್ಲೂಟ್, ಕ್ಲಾರಿನೆಟ್, ಸ್ಯಾಕ್ಸ್; ಉಳಿದವರು ಹಿತ್ತಾಳೆಗೆ. (ಸ್ಯಾಕ್ಸಿನ ಮೈ ಹಿತ್ತಾಳೆ, ಆದರೆ ಬಾಯಿಗಿಡುವ ಕಡೆ ರೀಡ್, ಅಂದರೆ ಅದುರುವ ತೆಳು ಪಟ್ಟಿ, ಇರುವುದರಿಂದ ಈ ಸಾಲಿಗೇ ಸೇರುತ್ತದೆ.) ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ತಗ್ಗಿನ ಸ್ವರ ಯಾರು ಹಿಡಿಯುವುದು? ಬಸೂನ್ ಇಲ್ಲ, ಬಾಸ್ ಕ್ಲಾರಿನೆಟ್ ಇಲ್ಲ. ಉಳಿದದ್ದು ಟೆನರ್ ಸ್ಯಾಕ್ಸ್. ಅದರ ತೀರಾ ಕೆಳಗಿನ ಮೂರ್ನಾಲ್ಕು ಸ್ವರಗಳನ್ನು ಮೆಲ್ಲಗೆ ಊದುವುದು ಬಲು ಕಷ್ಟ. ಒಂದೋ ಭೋಂ ಎನ್ನುತ್ತದೆ, ಇಲ್ಲವೇ ಸ್ವರವೇ ಹುಟ್ಟುವುದಿಲ್ಲ. ನಾನು ಬರೆದದ್ದೋ, ಜೋಗುಳದ ಹಾಗಿದ್ದ ಒಂದು ಸಾಲು!

ರೀಡ್ ಬದಲಿಸಿ ನೋಡಿದೆವು. ಪಾಪ, ನುಡಿಸುವವರು ಒಂದು ವಾರ ಮನೆಯಲ್ಲಿ ಅದನ್ನೇ ಊದಿದರು. ಆಗಲಿಲ್ಲ. ಒಂದು ಸ್ಥಾಯಿ ಮೇಲಕ್ಕೆ ಬರೆದೆ, ಆಗ ಕ್ಲಾರಿನೆಟ್‌ಗಳ ಜಾಗಕ್ಕೇ ಹೋಗಿ ಕೂತಿತು. ಗುಂಪಿಗೆ ಕಾಲೇ ಇಲ್ಲ. ಟೆನರ್‌ಗಿಂತ ತಗ್ಗಿನ ಬ್ಯಾರಿಟೋನ್ ಸ್ಯಾಕ್ಸ್ ಬಾಡಿಗೆಗೆ ತರೋಣ ಅಂದುಕೊಂಡೆ. ಬಾಡಿಗೆ ಕೇಳಿ ಸುಮ್ನಾದೆ.

ಇದೇ ಗುಂಪುಗಳನ್ನು ಹಾಲ್‌ನ ಎರಡು ತುದಿಗೆ ನಿಲ್ಲಿಸಿಯೂ ನೋಡಿದೆ. ವೆನಿಸ್‌ನ ಸಂಗೀತ ರಚನಕಾರ ಗೇಬ್ರಿಯೆಲಿ 1597ರಲ್ಲೇ ಎರಡು ಗುಂಪಿಗೆ ಬರೆದಿದ್ದಾನಲ್ವಾ? ಆದರೆ 25 ಮೀಟರ್ ದಾಟಲು ಸದ್ದಿಗೆ ಸುಮಾರು 0.07 ಸೆಕೆಂಡ್ ಬೇಕು. ವೇಗದ ಸಾಲುಗಳೆಲ್ಲ ಕಲಸಿಹೋದವು.

ಆಮೇಲೆ ಕೊಳವೆ ನೋಡಿ ಹಂಚಿದೆ. ಹೆಚ್ಚುಕಮ್ಮಿ ಒಂದೇ ಅಗಲದ ಕೊಳವೆಯವು ಒಂದು ಕಡೆ: ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್. ಅಗಲವಾಗುತ್ತಾ ಹೋಗುವವು ಇನ್ನೊಂದು ಕಡೆ: ಸ್ಯಾಕ್ಸ್, ಯೂಫೋನಿಯಂ, ಟ್ಯೂಬಾ. ಫ್ಲೂಟ್ ಲೆಕ್ಕಪ್ರಕಾರ ಮೊದಲನೆಯದಕ್ಕೆ ಹೋಗಬೇಕು. ದನಿ ಮೆತ್ತಗಿದೆ ಎಂದು ಎರಡನೆಯದಕ್ಕೆ ಹಾಕಿದೆ. ಲೆಕ್ಕ ನನಗಿಂತ ದೊಡ್ಡದಲ್ಲ.

ಆರು-ಆರು ಜನ. ಎರಡು ಕಡೆಯೂ ತಗ್ಗಿನ ವಾದ್ಯ ಇದೆ. ಒಂದರ ದನಿ ಚೂಪು, ಇನ್ನೊಂದರದ್ದು ದುಂಡು. ಜೋಗುಳ ಯೂಫೋನಿಯಂಗೆ ಹೋಯಿತು. ಟ್ರಂಪೆಟ್‌ನವರ ತುಟಿಗೂ ನಡುನಡುವೆ ಬಿಡುವು. ತೊಂದರೆ ಒಂದೇ, ಟ್ರಂಪೆಟ್ ಪಕ್ಕದ ಕ್ಲಾರಿನೆಟ್‌ಗಳನ್ನು ನುಂಗುತ್ತದೆ. ಟ್ರಂಪೆಟ್ ಬಾಯಿಗೆ ಮ್ಯೂಟ್ (ಸದ್ದು ತಗ್ಗಿಸುವ ಬಿರಡೆ) ಹಾಕಿಸಿದೆ.

ನಾನು ಯಾವಾಗಲೂ ಕೆಳಗಿನ ಸಾಲು ಮೊದಲು ಬರೆದು ಮೇಲಕ್ಕೆ ಹೋಗುವವನು. ನಿಮ್ಮಲ್ಲಿ ಬಸೂನ್ ಇದ್ದರೆ ಮರ-ಹಿತ್ತಾಳೆಯೇ ಸರಿಹೋದೀತು. ಬಾಡಿಗೆಗೆಂದು ಎತ್ತಿಟ್ಟ ದುಡ್ಡಿನಲ್ಲಿ ನನಗೆ ಎರಡು ಮ್ಯೂಟ್ ಬಂತು, ಉಳಿದದ್ದು ರಿಹರ್ಸಲ್ ಚಾಕ್ಕೆ ಆಯಿತು.