ವಿಜ್ಞಾನಿಗಳ ಜೊತೆ ನಮ್ ಮಕ್ಳ ಮಾತು: ದುಡ್ಡು ಕೊಟ್ಟ ವೆಬಿನಾರು, ಟೈಪ್ ಮಾಡೋ ಚಾಟು, ಒಂದೇ ಕ್ಲಾಸಿನ ವಿಡಿಯೋ ಕಾಲು

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಮೂರನೇದಕ್ಕೆ. ಒಬ್ರೇ ಸಂಶೋಧಕಿ, ಒಂದೇ ಕ್ಲಾಸು, ಮುಕ್ಕಾಲು ಗಂಟೆ, ಪೂರ್ತಿ ಕನ್ನಡದಲ್ಲಿ ವಿಡಿಯೋ ಕಾಲು, ಫೀಸು ಒಂದ್ರೂಪಾಯೀನೂ ಇಲ್ಲ. ಮೊದಲನೇದಕ್ಕೆ ಮಕ್ಳ ಹತ್ರ ತಲೆಗೆ 150ರಂತೆ 41 ಜನಕ್ಕೆ 6,150 ರೂಪಾಯಿ ಕಟ್ಟಿದ್ವಿ, ಆ ದುಡ್ಡು ನೀರಿಗೆ ಹಾಕಿದ ಹಾಗಾಯ್ತು. ಇನ್ಯಾರಾದ್ರೂ ಟೀಚರ್ ಅದೇ ತರ ಕಟ್ಟೋಕೆ ಮುಂಚೆ ಇದನ್ನ ಓದ್ಲಿ ಅಂತ ಬರೀತಿದೀನಿ.

ನಾನು ಪೀಣ್ಯ ಆಚೆ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ. ಒಂಬತ್ತನೇ ಕ್ಲಾಸು. ಅಪ್ಪಂದಿರು ಆಟೋ, ಲೇತು, ಪೇಂಟಿಂಗು. ಅಮ್ಮಂದಿರು ಹೆಚ್ಚಿನವರು ಗಾರ್ಮೆಂಟ್ಸು. ಬೆಂಗಳೂರಲ್ಲಿ ವಿಜ್ಞಾನಿಗಳಿಗೇನು ಬರ ಇಲ್ಲ, ಐಐಎಸ್‌ಸಿ 1909ರಿಂದ ಇದೆ, ರಾಮನ್ ಅವ್ರು 1948ರಲ್ಲಿ ಕಟ್ಟಿದ ಸಂಸ್ಥೆ ಇದೆ, ಇಸ್ರೋ ಇದೆ. ಆದ್ರೆ ನಮ್ ಮಕ್ಳಲ್ಲಿ ಒಬ್ರೂ ಒಬ್ಬ ವಿಜ್ಞಾನೀನ ಎದುರಿಗೆ ನಿಲ್ಸಿ ಮಾತಾಡ್ಸಿರಲಿಲ್ಲ. ಐಐಎಸ್‌ಸಿ ಓಪನ್ ಡೇಗೆ ಒಂದ್ಸಲ ಕರ್ಕೊಂಡು ಹೋಗಿದ್ದೆ, ತುಂಬಾ ಚೆನ್ನಾಗಿರುತ್ತೆ, ಆದ್ರೆ ಆ ಜನಜಂಗುಳಿಯಲ್ಲಿ ಮಕ್ಳು ನೋಡ್ಕೊಂಡು ಮುಂದೆ ಹೋಗ್ತಾರೆ, ನಿಂತು ಕೇಳೋಕೆ ಆಗಲ್ಲ. ಅದಕ್ಕೇ ಆನ್‌ಲೈನ್ ಕಡೆ ನೋಡಿದ್ದು.

ಮೂರನ್ನೂ ನಾನು ಅಳೆದಿದ್ದು ಒಂದೇ ಅಳತೆಗೋಲಲ್ಲಿ. ಮಗು ಪ್ರಶ್ನೆ ಕೇಳುತ್ತೆ, ಉತ್ತರ ಬರುತ್ತೆ, ಆಮೇಲೆ "ಹಂಗಾದ್ರೆ..." ಅಂತ ಇನ್ನೊಂದು ಹುಟ್ಟುತ್ತಲ್ಲ, ಅದನ್ನ ಕೇಳೋಕೆ ಜಾಗ ಇದೆಯಾ? ಮೊದಲನೇ ಪ್ರಶ್ನೆ ಎಷ್ಟೋ ಸಲ ನಾವೇ ಬರೆಸಿರ್ತೀವಿ. ಎರಡನೇದು ಮಾತ್ರ ಮಗೂದೇ.

ಈಗ ಆ ವೆಬಿನಾರು. ಹೆಸರು ಹೇಳಲ್ಲ, ಮಕ್ಳಿಗೆ "ವಿಜ್ಞಾನಿ ಭೇಟಿ" ಮಾಡ್ಸೋ ಒಂದು ಕಂಪನಿ. ರಾಕೆಟ್ ಕೆಲಸದಲ್ಲಿದ್ದು ರಿಟೈರ್ ಆದ ದೊಡ್ಡ ವಿಜ್ಞಾನಿ, ಲೈವ್, ಪ್ರಶ್ನೋತ್ತರ, ಎಲ್ಲಾ ಮಕ್ಳಿಗೂ ಸರ್ಟಿಫಿಕೇಟು. ಒಂದು ವಾರದಲ್ಲಿ ದುಡ್ಡು ಸೇರಿಸಿ ಕಟ್ಟಿದ್ವಿ. ಕಟ್ಟಿದ್ಮೇಲೆ ಬಂತು ನೋಡಿ ಲಿಂಕು: ಪ್ರತಿ ಮಗೂದೂ ಬೇರೆ ಬೇರೆ ರಿಜಿಸ್ಟ್ರೇಷನ್, ಪ್ರತಿಯೊಂದಕ್ಕೂ ಪೋಷಕರ ಮೊಬೈಲ್ ನಂಬರು, ಆ ನಂಬರಿಗೆ ಓಟಿಪಿ.

ಇದು ಸಣ್ಣ ವಿಷಯ ಅನ್ಸುತ್ತೆ. ಆದ್ರೆ ನಮ್ ಕ್ಲಾಸಿನ ಅಮ್ಮಂದಿರು ಕೆಲಸ ಮಾಡೋ ಗಾರ್ಮೆಂಟ್ಸಲ್ಲಿ ಫೋನು ಒಳಗಡೆ ಬಿಡಲ್ಲ, ಗೇಟಲ್ಲೋ ಲಾಕರಲ್ಲೋ ಇಟ್ಟು ಹೋಗ್ಬೇಕು, ಊಟದ ಅರ್ಧ ಗಂಟೇಲಿ ಮಾತ್ರ ಕೈಗೆ ಸಿಗುತ್ತೆ. ಓಟಿಪಿ ಆಯಸ್ಸು ಹತ್ತು ನಿಮಿಷ. ನಾನು ಸ್ಕೂಲಲ್ಲಿ ಕೂತು ನಂಬರ್ ಹಾಕ್ತಿದ್ದೆ, ಓಟಿಪಿ ಲಾಕರಲ್ಲಿರೋ ಫೋನಿಗೆ ಹೋಗ್ತಿತ್ತು, ಅವ್ರು ಮಧ್ಯಾಹ್ನ ನೋಡಿ ಫೋನ್ ಮಾಡೋವಷ್ಟರಲ್ಲಿ ಅದು ಸತ್ತೋಗಿರ್ತಿತ್ತು. ಆಟೋ ಓಡಿಸೋ ಅಪ್ಪಂದಿರು ಇನ್ನೊಂದು ತರ, ಯಾರೋ ಓಟಿಪಿ ಕೇಳ್ತಿದಾರೆ ಅಂದ ತಕ್ಷಣ ಕಟ್ ಮಾಡ್ತಿದ್ರು, ಅವ್ರು ಮಾಡಿದ್ದೂ ಸರೀನೇ, ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಿಸ್ತಾರೆ.

ಕೊನೆಗೆ ನಾಲ್ಕು ರಾತ್ರಿ, ಎಂಟು ಗಂಟೆ ಮೇಲೆ, ಒಬ್ಬೊಬ್ರ ಮನೆಗೂ ಫೋನ್ ಮಾಡಿ, "ನಾನು ಮಿಸ್ ಮಾತಾಡ್ತಿರೋದಮ್ಮ, ಈಗೊಂದು ನಂಬರ್ ಬರುತ್ತೆ, ಅದನ್ನ ಓದಿ ಹೇಳಿ" ಅಂತ 41ರಲ್ಲಿ 33 ಮುಗಿಸಿದೆ. ಕೆಲವರ ನಂಬರ್ ಬದಲಾಗಿತ್ತು, ಇಬ್ರ ಮನೇಲಿ ಇದ್ದ ಒಂದೇ ಫೋನು ರಿಪೇರಿಗೆ ಹೋಗಿತ್ತು. ಎಲ್ರಿಗೂ ಒಂದೇ ಸ್ಕೂಲ್ ಐಡಿ ಕೊಡಿ, ನಾವು ಪ್ರೊಜೆಕ್ಟರಲ್ಲಿ ತೋರಿಸ್ತೀವಿ ಅಂತ ಮೂರು ಸಲ ಬರೆದೆ. ಬಂದ ಉತ್ತರ: ಐಡಿ ಇಲ್ದಿದ್ರೆ ಸರ್ಟಿಫಿಕೇಟ್ ಬರಲ್ಲ. ನಾನು ಕೇಳಿದ್ದು ಸರ್ಟಿಫಿಕೇಟ್ ಬಗ್ಗೆ ಅಲ್ಲ. ದುಡ್ಡು ಕೊಟ್ಟ ಎಂಟು ಮಕ್ಳು ಹೆಸರೇ ಇಲ್ದೆ ಹಿಂದೆ ಕೂತು ನೋಡಿದ್ರು, ಅದು ಈಗ್ಲೂ ನನ್ ಹೊಟ್ಟೆ ಉರಿಸುತ್ತೆ.

ಪ್ರಶ್ನೆನೂ ಮೂರು ದಿನ ಮುಂಚೆ ಫಾರಂನಲ್ಲಿ ಇಂಗ್ಲಿಷಲ್ಲೇ ಹಾಕ್ಬೇಕಿತ್ತು. ನಮ್ ಹುಡುಗ ಒಬ್ಬ ಟಿವಿಯಲ್ಲಿ ಚಂದ್ರಯಾನ ನೋಡಿ ಇಟ್ಕೊಂಡಿದ್ದ ಪ್ರಶ್ನೆ: ರಾಕೆಟ್ ಇನ್ನೂ ಹೊರಟೇ ಇರಲ್ಲ, ಆಗ್ಲೇ ಅದರ ಮೈಯಿಂದ ಹೊಗೆ ಯಾಕೆ ಬರ್ತಿರುತ್ತೆ? ಒಳ್ಳೇ ಪ್ರಶ್ನೆ. ನಾನೇ ಇಂಗ್ಲಿಷ್ ಮಾಡಿ ಹಾಕಿದೆ. ಅವತ್ತು ಓದಿದ್ದು ಏಳು ಪ್ರಶ್ನೆ, ಬಹುಪಾಲು "ವಿಜ್ಞಾನಿ ಆಗೋಕೆ ಏನು ಓದ್ಬೇಕು" ಅನ್ನೋ ತರದ್ದು, ಇವನದ್ದು ಬರ್ಲೇ ಇಲ್ಲ. ಮೈಕು ಮ್ಯೂಟು, ಚಾಟೂ ಬಂದ್. ಆ ಹಿರಿಯರ ಮಾತು ಮಾತ್ರ ಕೇಳೋ ಹಾಗಿತ್ತು, ಅವರ ಮೇಲೆ ನನಗೇನೂ ದೂರಿಲ್ಲ. ಹುಡುಗನಿಗೆ ಮಾರನೇ ದಿನ ಬೋರ್ಡ್ ಮೇಲೆ ನಾನೇ ಹೇಳಿದೆ: ದ್ರವ ಆಕ್ಸಿಜನ್ ಮೈನಸ್ 183 ಡಿಗ್ರಿ, ದ್ರವ ಹೈಡ್ರೋಜನ್ ಮೈನಸ್ 253, ಟ್ಯಾಂಕಲ್ಲಿ ತುಂಬಿದ್ರೂ ಅದು ಕುದಿದು ಆವಿ ಆಗ್ತಾನೇ ಇರುತ್ತೆ, ಆ ಆವೀನ ಹೊರಗೆ ಬಿಡ್ಲೇಬೇಕು, ಆ ಚಳಿಗೆ ಸುತ್ತಲಿನ ಗಾಳಿಯ ನೀರಾವಿ ಮಂಜಾಗುತ್ತೆ, ಅದೇ ನಿನಗೆ ಕಾಣೋ ಹೊಗೆ. "ಹಂಗಾದ್ರೆ ಹೊರಗೆ ಹೋದಷ್ಟು ಕಮ್ಮಿ ಆಗಲ್ವಾ ಮಿಸ್?" ಅಂದ. ಆಗುತ್ತೆ, ಅದಕ್ಕೇ ಹೊರಡೋ ಹೊತ್ತಿನ ತನಕ ತುಂಬ್ತಾನೇ ಇರ್ತಾರೆ. ಇಷ್ಟು ಮಾತು ಅಲ್ಲಿ ಆಗ್ಬೇಕಿತ್ತು, ರಾಕೆಟ್ ಕಟ್ಟಿದವರ ಬಾಯಿಂದ.

ಎರಡನೇದು ಟೈಪ್ ಮಾಡೋ ಚಾಟು. ಬ್ರಿಟನ್ನಲ್ಲಿ "ಐ ಆ್ಯಮ್ ಎ ಸೈಂಟಿಸ್ಟ್" ಅಂತ ಒಂದು ನಡೆಯುತ್ತೆ, ಅಲ್ಲಿ ಮುಖ ಇಲ್ಲ, ವಿಡಿಯೋ ಇಲ್ಲ, ಮಕ್ಳು ಟೈಪ್ ಮಾಡ್ತಾರೆ, ವಿಜ್ಞಾನಿಗಳು ಟೈಪ್ ಮಾಡ್ತಾರೆ, ಕೊನೆಗೆ ಮಕ್ಳೇ ತಮಗೆ ಇಷ್ಟವಾದ ವಿಜ್ಞಾನಿಗೆ ಓಟು ಹಾಕ್ತಾರೆ. ಅದು ಅಲ್ಲಿನ ಶಾಲೆಗಳಿಗೆ. ಅದೇ ಮಾದರಿಯಲ್ಲಿ ಇಲ್ಲಿ ಒಂದು ಗುಂಪು ಫ್ರೀಯಾಗಿ ಮಾಡಿದ್ದಕ್ಕೆ ಸೇರಿದ್ವಿ. ಅರ್ಧ ಗಂಟೆ, ಮೂವರು ವಿಜ್ಞಾನಿಗಳು, ನಮ್ ಲ್ಯಾಬಲ್ಲಿ ಓಡೋ ಒಂಬತ್ತು ಕಂಪ್ಯೂಟರು, ಒಂದೊಂದಕ್ಕೆ ನಾಲ್ಕೈದು ಮಕ್ಳು.

ಇದರಲ್ಲಿ ಒಂದು ವಿಷಯ ನನಗೆ ನಿಜವಾಗ್ಲೂ ಇಷ್ಟ ಆಯ್ತು. ಕ್ಲಾಸಲ್ಲಿ ವರ್ಷಪೂರ್ತಿ ಬಾಯಿ ಬಿಡದ ಹುಡುಗಿ, ಕೊನೇ ಬೆಂಚು, ಹಾಜರಿಗೂ ಕೈ ಎತ್ತುತ್ತಾಳೆ ಅಷ್ಟೇ, ಅವಳು ಕೀಬೋರ್ಡ್ ಎಳ್ಕೊಂಡು ಪಕ್ಕದವಳ ಹತ್ರ ಸ್ಪೆಲ್ಲಿಂಗ್ ಕೇಳ್ಕೊಂಡು ಕೇಳಿದ್ಲು: ಬಾವಲಿ ತಲೆಕೆಳಗಾಗಿ ನೇತಾಡಿದ್ರೆ ರಕ್ತ ಎಲ್ಲಾ ತಲೆಗೆ ಇಳಿಯಲ್ವಾ, ಕೈಕಾಲು ನೋಯಲ್ವಾ? ಒಬ್ರು ವಿಜ್ಞಾನಿ ಚೆನ್ನಾಗಿ ಉತ್ತರ ಕೊಟ್ರು. ಬಾವಲಿ ಮೈ ಚಿಕ್ಕದು, ರಕ್ತ ಇಳಿಯೋ ದೂರಾನೇ ಕಮ್ಮಿ, ಅದರ ಹೃದಯಕ್ಕೆ ಅದನ್ನ ಮೇಲೆ ತಳ್ಳೋದು ಕಷ್ಟ ಅಲ್ಲ. ಇನ್ನು ಕಾಲು, ಅದರ ಮೈಭಾರಕ್ಕೇ ಸ್ನಾಯುರಜ್ಜು ಎಳೆದು ಉಗುರು ಬಿಗಿಯಾಗಿ ಲಾಕ್ ಆಗುತ್ತೆ, ಹಿಡ್ಕೊಳ್ಳೋಕೆ ಶಕ್ತಿ ಹಾಕ್ಬೇಕಾಗೇ ಇಲ್ಲ, ಬಿಡೋಕೆ ಮಾತ್ರ ಹಾಕ್ಬೇಕು. ಹುಡುಗಿ ಎರಡು ಸಲ ಓದಿಸ್ಕೊಂಡ್ಲು, ನಾನು ಕನ್ನಡದಲ್ಲಿ ಹೇಳಿದೆ. ಅವಳ ಮುಖ ಬದಲಾಯ್ತು. "ಅದಕ್ಕೇನಾ ಮಿಸ್, ನಮ್ ಬೀದೀಲಿ ಕರೆಂಟ್ ತಂತಿ ಮೇಲೆ ಶಾಕ್ ಹೊಡ್ದು ಸತ್ತೋಗಿರೋ ಬಾವಲಿ ಕೆಳಗೆ ಬೀಳ್ದೇ ಹಂಗೇ ನೇತಾಡ್ತಿರೋದು?"

ಎಂಥಾ ಎರಡನೇ ಪ್ರಶ್ನೆ ಇದು! ಅವಳು ಅದನ್ನ ಕೀಬೋರ್ಡಲ್ಲಿ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡಿ ಮುಗಿಸೋದ್ರಲ್ಲಿ ಬೇರೆ ಸ್ಕೂಲಿನವರ ಇಪ್ಪತ್ತು ಮೂವತ್ತು ಲೈನು ಮೇಲೆ ಓಡಿಹೋಗಿತ್ತು, ಇವಳು ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ಲು, ಆ ವಿಜ್ಞಾನಿಗೆ ಕನ್ನಡ ಬರಲ್ಲ, ಅಷ್ಟರಲ್ಲಿ ಟೈಮ್ ಮುಗೀತು. ಚಾಟಿನ ಪ್ರಿಂಟ್ ತೆಗೆದು ಕ್ಲಾಸಲ್ಲಿ ಅಂಟಿಸಿದೀನಿ, ಅದೊಂದು ಲಾಭ. ಇಂಗ್ಲಿಷ್ ಟೈಪಿಂಗ್ ಸಲೀಸಾಗಿ ಬರೋ ಮಕ್ಳಿಗೆ, ನಾಚಿಕೆ ಸ್ವಭಾವದವರಿಗೆ, ನಾನು ಇದನ್ನ ಖಂಡಿತಾ ಹೇಳ್ತೀನಿ. ನಮ್ ಮಕ್ಳಿಗೆ ಟೈಪಿಂಗೇ ಒಂದು ಬೆಟ್ಟ.

ಹೊರದೇಶದ್ದೂ ಒಂದು ನೋಡಿದ್ದೆ. ಅಮೆರಿಕದಲ್ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿ ಮೇಲೆ ಸಂಶೋಧನೆ ಮಾಡಿದ ಸಾರಾ ಮ್ಯಾಕ್‌ಅನಲ್ಟಿ 2017ರಲ್ಲಿ ಶುರು ಮಾಡಿದ "ಸ್ಕೈಪ್ ಎ ಸೈಂಟಿಸ್ಟ್", ಒಂದು ಕ್ಲಾಸಿಗೆ ಒಬ್ಬ ವಿಜ್ಞಾನಿ, ಫ್ರೀ. ಐಡಿಯಾ ಚಿನ್ನದಂಥದ್ದು, ನನ್ ಮೂರನೇದಕ್ಕೆ ದಾರಿ ತೋರಿಸಿದ್ದೇ ಅದು. ಆದ್ರೆ ನಮ್ ಬೆಳಿಗ್ಗೆ ಹತ್ತು ಅಂದ್ರೆ ಬೇಸಿಗೇಲಿ ನ್ಯೂಯಾರ್ಕಲ್ಲಿ ರಾತ್ರಿ ಹನ್ನೆರಡೂವರೆ, ಅಲ್ಲಿನವರು ಸಿಕ್ಕಿದ್ರೆ ನಮ್ ಸ್ಕೂಲ್ ಟೈಮಿಗೆ ಕೂರಲ್ಲ, ಭಾಷೆ ಇನ್ನೊಂದು ಕಡೆ. ಬಿಟ್ಟೆ.

ಮೂರನೇದು ಹೆಂಗಾಯ್ತು ಅಂದ್ರೆ, ನಮ್ ಹಳೇ ವಿದ್ಯಾರ್ಥಿನಿ ಒಬ್ಬಳಿಗೆ ಗೊತ್ತಿದ್ದವರು, ಖಗೋಳದಲ್ಲಿ ಪಿಎಚ್‌ಡಿ ಮಾಡ್ತಿರೋ ಹುಡುಗಿ, ಹಾಸನ ಕಡೆಯವಳು, ಕನ್ನಡ ಮೀಡಿಯಮ್ಮಲ್ಲೇ ಓದಿದವಳು. ಒಂದು ವಾಟ್ಸಾಪ್ ಮೆಸೇಜು, ಶನಿವಾರ ಬೆಳಿಗ್ಗೆ ಅಂತ ಫಿಕ್ಸು, ಮುಗೀತು. ರಿಜಿಸ್ಟ್ರೇಷನ್ನೂ ಇಲ್ಲ, ಓಟಿಪಿನೂ ಇಲ್ಲ.

ತೊಂದ್ರೆ ಇಲ್ಲ ಅಂತಲ್ಲ. ಲ್ಯಾಪ್‌ಟಾಪ್ ಮೈಕಿಗೆ ಮೊದಲ ಬೆಂಚು ದಾಟಿದ್ರೆ ಕೇಳಲ್ಲ, ಫ್ಯಾನ್ ಸದ್ದು ಮಾತ್ರ ಜೋರಾಗಿ ಹೋಗುತ್ತೆ. ಫ್ಯಾನ್ ಆಫ್ ಮಾಡಿ, ಕೇಳೋರು ಒಬ್ಬೊಬ್ರೇ ಮುಂದಿನ ಸ್ಟೂಲಲ್ಲಿ ಬಂದು ಕೂರೋದು ಅಂತ ಮಾಡಿದ್ವಿ. ಸೆಕೆ ಆಯ್ತು, ಆದ್ರೆ ಆ ಸ್ಟೂಲು ದೊಡ್ಡ ವರವಾಯ್ತು, ಯಾಕಂದ್ರೆ ಕೂತ ಮಗು ಉತ್ತರ ಕೇಳಿ ಎದ್ದು ಹೋಗಲ್ಲ, ಇನ್ನೊಂದು ಕೇಳಿಯೇ ಏಳೋದು.

ಆಕೆ ಲಡಾಖಿನ ಹಾನ್ಲೆಯಲ್ಲಿರೋ ಎರಡು ಮೀಟರ್ ಟೆಲಿಸ್ಕೋಪಿನ ಬಗ್ಗೆ ಹೇಳಿದ್ಲು. ಸುಮಾರು 4,500 ಮೀಟರ್ ಎತ್ತರ, ಉಸಿರಾಡೋದೇ ಕಷ್ಟ, ಅದಕ್ಕೆ ಅದನ್ನ ನಮ್ ಹೊಸಕೋಟೆಯಲ್ಲಿರೋ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕೂತು ಉಪಗ್ರಹದ ಮೂಲಕ ನಡೆಸ್ತಾರೆ. ಹೊಸಕೋಟೆ ಅಂದ ತಕ್ಷಣ ಇಡೀ ಕ್ಲಾಸು "ಬಿರಿಯಾನಿ!" ಅಂತು, ಆಕೆನೂ ನಕ್ಕು, ಹೌದು ಪುಟ್ಟ, ಅದೇ ಊರು ಅಂದ್ಲು. ಅಲ್ಲಿಂದ ಮಕ್ಳು ಮೇಡಂ ಅನ್ನೋದು ಬಿಟ್ಟು ಅಕ್ಕ ಅನ್ನೋಕೆ ಶುರು ಮಾಡಿದ್ರು.

ಸ್ಟೂಲ್ ಮೇಲೆ ಆ ರಾಕೆಟ್ ಹುಡುಗಾನೇ. "ಅಕ್ಕ, ಇಲ್ಲಿಂದ ಹೇಳಿದ್ದು ಅಲ್ಲಿಗೆ ಮುಟ್ಟೋಕೆ ಎಷ್ಟೊತ್ತಾಗುತ್ತೆ?" ಆಕೆ ಅವನ ಕೈಲೇ ಲೆಕ್ಕ ಮಾಡಿಸಿದ್ಲು. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲೆ, ಹೋಗಿ ಬರೋಕೆ 72,000, ಸಿಗ್ನಲ್ಲು ಸೆಕೆಂಡಿಗೆ ಮೂರು ಲಕ್ಷ, ಅಂದ್ರೆ ಹತ್ತಿರ ಹತ್ತಿರ ಕಾಲು ಸೆಕೆಂಡು. ಅವನು ಏಳ್ಲಿಲ್ಲ. "ಹಂಗಾದ್ರೆ ನೀವು ನಿಲ್ಲು ಅಂದ್ಮೇಲೂ ಅದು ಕಾಲು ಸೆಕೆಂಡ್ ತಿರುಗುತ್ತಾ? ನಕ್ಷತ್ರ ತಪ್ಪೋಗಲ್ವಾ?" ಆಕೆ ಒಂದು ಕ್ಷಣ ಸುಮ್ಮನಾದ್ಲು. ಆಮೇಲೆ ಹೇಳಿದ್ಲು: ನಕ್ಷತ್ರದ ಹಿಂದೆ ಹೋಗೋ ಕೆಲಸ ಇಲ್ಲಿಂದ ಮಾಡಲ್ಲ ಪುಟ್ಟ, ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತೆ, ಅದಕ್ಕೆ ತಕ್ಕ ಹಾಗೆ ತಿರುಗೋದನ್ನ ಅಲ್ಲಿರೋ ಕಂಪ್ಯೂಟರೇ ನೋಡ್ಕೊಳ್ಳುತ್ತೆ, ನಾವು ಇಲ್ಲಿಂದ ಯಾವ ನಕ್ಷತ್ರ ಅಂತ ಮಾತ್ರ ಹೇಳ್ತೀವಿ.

ಇನ್ನೊಬ್ಬಳು, ಮೋಡ ಬಂದ್ರೆ? ಅಂದ್ಲು. ಮೋಡ ಬಂದ್ರೆ ಏನೂ ಇಲ್ಲ, ತಿಂಗಳುಗಟ್ಟಲೆ ಕಾದು ಸಿಕ್ಕಿದ ರಾತ್ರಿ ಹಾಗೇ ಹೋಗುತ್ತೆ, ಒಂದ್ಸಲ ಹಂಗೇ ಆಗಿ ನಾನು ಅತ್ತಿದ್ದೆ, ಅಂದ್ಲು ಆಕೆ. ನಮ್ ಮಕ್ಳಿಗೆ ವಿಜ್ಞಾನಿ ಅಳ್ತಾರೆ ಅಂತ ಗೊತ್ತಿರ್ಲಿಲ್ಲ. ಅವತ್ತು ಸಂಜೆ ತನಕ ಅದೇ ಮಾತು.

ಒಂದು ಮಾತು ಬೇರೆ ಹೇಳ್ಬೇಕು. ಎರಡನೇ ಪ್ರಶ್ನೆಗೆ ಜಾಗ ಇಲ್ದಿದ್ರೂ ನಾನು ಒಪ್ಪೋ ಒಂದೇ ಒಂದು ಅಂದ್ರೆ ಹ್ಯಾಮ್ ರೇಡಿಯೋ, ಹವ್ಯಾಸಿಗಳು ಮಾತಾಡೋಕೆ ಬಳಸೋ ರೇಡಿಯೋ. 2025ರ ಜುಲೈ 4ರಂದು ನಮ್ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ನಮ್ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಳ ಜೊತೆ ಮಾತಾಡಿದ್ರಲ್ಲ, ಅಂಥದ್ದು. ನಿಲ್ದಾಣ ಒಂದು ಊರಿನ ಆಕಾಶ ದಾಟೋದೇ ಹತ್ತು ನಿಮಿಷದೊಳಗೆ, ಅಷ್ಟರಲ್ಲಿ ಒಬ್ಬೊಬ್ರು ಒಂದೊಂದು ಕೇಳಿ "ಓವರ್" ಅಂತ ಬಿಟ್ಕೊಡ್ಬೇಕು. ಅಲ್ಲಿ ಗಡಿಯಾರ ಹಿಡಿದಿರೋದು ನಿಲ್ದಾಣ ಭೂಮೀನ ಸುತ್ತೋ ವೇಗ, ಯಾವ ಕಂಪನೀನೂ ಅಲ್ಲ.

ನನ್ ಬಜೆಟ್ ಸೊನ್ನೆ, ನನ್ ಮಕ್ಳ ಭಾಷೆ ಕನ್ನಡ, ನನಗೆ ರಾತ್ರಿ ಕೂತು ಓಟಿಪಿ ಕೇಳೋ ಶಕ್ತಿ ಇಲ್ಲ, ಅದಕ್ಕೇ ಮೂರನೇದು. ಐವತ್ತು ಮಕ್ಳ ಕೈಲೂ ಟ್ಯಾಬ್ ಇರೋ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಚಾಟೇ ಸರಿ ಹೋಗ್ಬಹುದು. ವೆಬಿನಾರಿಗೆ ಕಟ್ಟೋದಾದ್ರೆ ಮುಂಚೇನೇ ಎರಡು ಕೇಳಿ: ಸ್ಕೂಲಿಗೆ ಒಂದೇ ಐಡಿ ಕೊಡ್ತೀರಾ, ಮಗು ಮೈಕ್ ಆನ್ ಮಾಡಿ ಮಾತಾಡ್ಬಹುದಾ. ಇಲ್ಲ ಅಂದ್ರೆ ಆ ದುಡ್ಡಲ್ಲಿ ಮಕ್ಳನ್ನ ಹೈಗ್ರೌಂಡ್ಸ್‌ನ ತಾರಾಲಯಕ್ಕೆ ಕರ್ಕೊಂಡು ಹೋಗಿ.

ಮುಂದಿನ ವಿಡಿಯೋ ಕಾಲಿಗೆ ಬಾವಲಿ ಮೇಲೆ ಕೆಲಸ ಮಾಡೋ, ಕನ್ನಡ ಬರೋ ಒಬ್ರು ಸಿಕ್ಕಿದಾರೆ, ಜನವರಿಯ ಎರಡನೇ ಶನಿವಾರ ಅಂತ ಆಗಿದೆ. ಸ್ಟೂಲ್ ಮೇಲೆ ಮೊದ್ಲು ಕೂರೋದು ಕೊನೇ ಬೆಂಚಿನ ಹುಡುಗಿ. ತಂತಿ ಮೇಲಿನ ಬಾವಲೀನ ಅಪ್ಪನ ಫೋನಲ್ಲಿ ಫೋಟೋ ತೆಗೆದಿಟ್ಕೊಂಡಿದಾಳೆ, ದಿನಾ ಸ್ಕೂಲಿಗೆ ಬರೋವಾಗ ಇನ್ನೂ ಅಲ್ಲೇ ಇದೆಯಾ ಅಂತ ನೋಡ್ಕೊಂಡು ಬಂದು ನನಗೆ ಹೇಳ್ತಾಳೆ.