ಗರ್ಭಿಣಿಯರ ಪ್ರೋಟೀನ್ ಪುಡಿ: ಡಬ್ಬಿ ಹೇಳುವುದೆಷ್ಟು, ಮಾಸು ದಾಟಿಸುವುದೆಷ್ಟು

ನಮ್ಮ ಮನೆಯ ಏಳು ತಿಂಗಳ ಗರ್ಭಿಣಿಗಾಗಿ ಔಷಧದಂಗಡಿಯಿಂದ ತಂದ ವೆನಿಲಾ ರುಚಿಯ ಪ್ರೋಟೀನ್ ಪುಡಿಯ ವಿಮರ್ಶೆ ಇದು. ಈ ಬಗೆಯ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತನ್ನು ಆಡುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಪುಡಿ ಬೆಚ್ಚಗಿನ ಹಾಲಿನಲ್ಲಿ ಗಂಟು ಕಟ್ಟದೆ ಬೆರೆಯುತ್ತದೆ. ಸಿಹಿ ಮಾತ್ರ ಅತಿಯಾಯಿತು. ನನ್ನ ತಕರಾರು ಇರುವುದು ಡಬ್ಬಿಯ ಹಿಂಬದಿಯಲ್ಲಿ ಅಚ್ಚಾಗಿರುವ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳ, ಉದ್ದನೆಯ ಕೋಷ್ಟಕದ ಬಗ್ಗೆ, ಮತ್ತು ಅವೆಲ್ಲ ನೇರವಾಗಿ ಮಗುವನ್ನು ಸೇರುತ್ತವೆ ಎಂಬರ್ಥ ಬರುವಂತೆ ಅದರ ಮೇಲೆ ಹಾಕಿರುವ ದಪ್ಪಕ್ಷರದ ಸಾಲಿನ ಬಗ್ಗೆ.

ನೇರವಾಗಿ ಸೇರುವ ಮಾತೇ ಇಲ್ಲ. ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಮಾಸಿನ (ಪ್ಲಾಸೆಂಟಾ) ಸಿನ್ಸಿಷಿಯೋಟ್ರೋಫೋಬ್ಲಾಸ್ಟ್ ಎಂಬ ಪದರವಿದೆ. ಬಹುತೇಕ ಅಮೈನೋ ಆಮ್ಲಗಳ ಸಾಂದ್ರತೆ ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚಿರುವುದರಿಂದ ಅವು ತಾವಾಗಿಯೇ ಆ ಕಡೆಗೆ ಹರಿಯಲಾರವು. ಮಾಸು ಶಕ್ತಿ ವ್ಯಯಿಸಿ ಅವನ್ನು ಸಾಗಿಸಬೇಕಾಗುತ್ತದೆ. ತಾಯಿಯ ಕಡೆಯ ಪೊರೆಯಲ್ಲಿರುವ ‘ಎ’ ವ್ಯವಸ್ಥೆಯ ಸಾಗಣೆ ಪ್ರೋಟೀನುಗಳು ಸೋಡಿಯಂ ನೆರವಿನಿಂದ ಅಲನಿನ್, ಗ್ಲೈಸಿನ್, ಸೆರಿನ್‌ಗಳಂಥ ಸಣ್ಣ ಆಮ್ಲಗಳನ್ನು ಒಳಗೆ ಸೆಳೆದುಕೊಳ್ಳುತ್ತವೆ. ಹೀಗೆ ಒಳಗೆ ತುಂಬಿಕೊಂಡವುಗಳಲ್ಲಿ ಕೆಲವನ್ನು ಹೊರಕ್ಕೆ ಬಿಟ್ಟು, ಅವುಗಳ ಬದಲಿಗೆ ಲ್ಯೂಸಿನ್, ಫಿನೈಲಲನಿನ್ ಮೊದಲಾದ ಅವಶ್ಯಕ ಆಮ್ಲಗಳನ್ನು, ಅಂದರೆ ದೇಹ ತಾನೇ ತಯಾರಿಸಲಾರದವನ್ನು, ‘ಎಲ್’ ಎಂಬ ಇನ್ನೊಂದು ಸಾಗಣೆ ವ್ಯವಸ್ಥೆ ಒಳಕ್ಕೆ ತರುತ್ತದೆ. ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದ ಶಿಶುಗಳ ಮಾಸಿನಲ್ಲಿ ಈ ‘ಎ’ ವ್ಯವಸ್ಥೆಯ ಚಟುವಟಿಕೆ ತಗ್ಗಿರುವುದು ಕಂಡುಬಂದಿದೆ. ಸಾಗಣೆಯೇ ಸೊರಗಿರುವಾಗ ಚಮಚದ ಲೆಕ್ಕ ಹೆಚ್ಚಿಸಿ ಫಲವೇನು?

ಕೋಷ್ಟಕದ ಅತಿ ದೊಡ್ಡ ಅಂಕಿ ಗ್ಲುಟಾಮಿಕ್ ಆಮ್ಲದ್ದು. ಹಾಲು ಮತ್ತು ಸೋಯಾ ಪ್ರೋಟೀನಿನಲ್ಲಿ ಅದೇ ಹೆಚ್ಚಿರುವುದರಿಂದ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಮಾಸು ತಾಯಿಯಿಂದ ಮಗುವಿಗೆ ಬಹುಮಟ್ಟಿಗೆ ದಾಟಿಸದೇ ಇರುವ ಆಮ್ಲವೂ ಅದೇ! ತಾಯಿಯಿಂದ ದಾಟಿ ಬಂದ ಗ್ಲುಟಮಿನ್ ಎಂಬ ಬೇರೊಂದು ಅಮೈನೋ ಆಮ್ಲವನ್ನು ಬಳಸಿ ಮಗುವಿನ ಯಕೃತ್ತು ಗ್ಲುಟಮೇಟನ್ನು (ದೇಹದಲ್ಲಿ ಗ್ಲುಟಾಮಿಕ್ ಆಮ್ಲ ಇರುವ ರೂಪ) ತಾನೇ ತಯಾರಿಸುತ್ತದೆ, ಮಾಸು ಅದನ್ನು ಮಗುವಿನ ಕಡೆಯಿಂದ ಹೀರಿಕೊಂಡು ಬಳಸುತ್ತದೆ. ಇನ್ನು ಹೆಚ್ಚುವರಿಯಾಗಿ ಬೆರೆಸಿದ್ದೇವೆ ಎಂದು ಡಬ್ಬಿ ಕೊಚ್ಚಿಕೊಳ್ಳುವ ಲ್ಯೂಸಿನ್ ಇತರ ಹಲವು ಆಮ್ಲಗಳೊಂದಿಗೆ ಒಂದೇ ಸಾಗಣೆ ಪ್ರೋಟೀನನ್ನು ಹಂಚಿಕೊಳ್ಳುತ್ತದೆ. ಒಂದು ವಿಪರೀತವಾದರೆ ಉಳಿದವುಗಳ ಸಾಗಣೆಗೆ ಅಡ್ಡಿಯಾಗಬಹುದು.

ಇದು ಬರಿಯ ತರ್ಕವಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗರ್ಭಿಣಿಯರಿಗೆ ಅಧಿಕ ಪ್ರೋಟೀನಿನ ಪೂರಕ ಆಹಾರ ಕೊಟ್ಟು ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಗುಂಪಿನಲ್ಲೇ ತೀರಾ ಅವಧಿಪೂರ್ವ ಹೆರಿಗೆಗಳು ಹೆಚ್ಚಾಗಿ ಕಂಡುಬಂದವು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯು ಅಪೌಷ್ಟಿಕತೆಯಿರುವ ಸಮುದಾಯಗಳಿಗೆ ಶಕ್ತಿ ಮತ್ತು ಪ್ರೋಟೀನುಗಳ ಸಮತೋಲಿತ ಪೂರಕವನ್ನು ಒಪ್ಪುತ್ತದೆ, ಅಧಿಕ ಪ್ರೋಟೀನಿನ ಪೂರಕವನ್ನು ಒಪ್ಪುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿಪಡಿಸಿದಂತೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದ ಪ್ರೋಟೀನು 22 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅವಶ್ಯಕ ಅಮೈನೋ ಆಮ್ಲವನ್ನು ತೊಗರಿಬೇಳೆಯ ಸಾರು ತುಂಬಿಕೊಡುತ್ತದೆ. ಕರ್ನಾಟಕದ ಅಂಗನವಾಡಿಗಳಲ್ಲಿ 2017ರಿಂದ ನಡೆದುಬಂದಿರುವ ಮಾತೃಪೂರ್ಣ ಯೋಜನೆಯ ಬಿಸಿಯೂಟದಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇರುವುದೂ ಇದೇ ಲೆಕ್ಕಾಚಾರಕ್ಕೆ ಹೊಂದುತ್ತದೆ.

ಹೊಟ್ಟೆತುಂಬ ಉಣ್ಣಬಲ್ಲ ಗರ್ಭಿಣಿಗೆ ಈ ಡಬ್ಬಿ ದುಬಾರಿ ಸಿಹಿ ಹಾಲಿಗಿಂತ ಹೆಚ್ಚೇನಲ್ಲ, ಐದಕ್ಕೆ ಎರಡು ಅಂಕ. ಓಕರಿಕೆಯಿಂದ ಊಟ ಸೇರದವರು, ತೂಕ ಏರದವರು ವೈದ್ಯರು ಹೇಳಿದ ಅಳತೆಯಲ್ಲಿ ಬಳಸಬಹುದು. ಗರ್ಭಾವಸ್ಥೆಯ ಮಧುಮೇಹ ಇರುವವರು ಮಾತ್ರ ಸಕ್ಕರೆ ಬೆರೆಸದ ಪುಡಿಯನ್ನೇ ಕೇಳಿ ಪಡೆಯಬೇಕು.